ಎಣ್ಣೆಗಾಯಿ ಮತ್ತು ಬಿಳಿ ವೈನು

ಮೊದಲ ತುತ್ತಿಗೇ ಪೂನಮಳ ಕಣ್ಣಲ್ಲಿ ನೀರು ತುಂಬಿತು. ಪುಣೆಯ ದೊಡ್ಡ ಹೋಟೆಲೊಂದಕ್ಕೆ ವೈನು ಆರಿಸುವ ಕೆಲಸ ಅವಳದು. ಗ್ಲಾಸು ಎತ್ತಿ ಒಂದು ಗುಟುಕು ಬಾಯಲ್ಲಿ ಆಡಿಸಿದಳು, ಏನೂ ರುಚಿ ಹತ್ತದವಳಂತೆ ಕೆಳಗಿಟ್ಟಳು. ಎದುರಿಗೆ ಕೂತಿದ್ದ ಅನುಜಾಳ ಜೀವ ಬಾಯಿಗೆ ಬಂತು. ಆ ವೈನು ಅವಳು ಮಾಡಿದ್ದು.

ಎಣ್ಣೆಗಾಯಿಗೆ ಖಾರ ಬೇಡ ಎಂದು ಅವ್ವನಿಗೆ ಮುಂಜಾನೆಯಿಂದ ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ನಾಲಿಗೆ ಉರಿದರೆ ಬಿಳಿ ವೈನಿನ ತೆಳು ಹುಳಿ, ಪೇರಲಹಣ್ಣಿನಂಥ ಆ ಘಮ, ಎಲ್ಲ ಮಣ್ಣುಪಾಲು. ಅವ್ವ ಸುನಂದಾಬಾಯಿ ಹೂಂ ಹೂಂ ಅಂದಿದ್ದರು. ಆದರೆ ಪರಊರಿಂದ ಬಂದವರಿಗೆ ಸಪ್ಪೆ ಬಡಿಸುವುದು ಆ ಮನೆಗೆ ಆಗುವ ಮಾತೇ? ಒಲೆಯಿಂದ ಇಳಿಸುವಾಗ ಕೈ ತಡೆಯದೆ ಕಾಂದಾ-ಲಸೂಣ ಮಸಾಲೆ, ಆ ಈರುಳ್ಳಿ-ಬೆಳ್ಳುಳ್ಳಿಯ ಉರಿಖಾರದ ಪುಡಿ, ಉದುರಿಸಿಯೇ ಬಿಟ್ಟಿದ್ದರು.

"ಸಪ್ಪನ್ ಬದ್ನಿಕಾಯಿ ಹೆಂಗ್ ಹಾಕ್ಲೆವ್ವಾ ಪಾವ್ಣ್ಯಾರಿಗೆ?" ಎಂದರು ಈಗ ಬಾಗಿಲಲ್ಲಿ ನಿಂತು, ಸೆರಗು ಹಿಂಡುತ್ತ. ಅನುಜಾಗೆ ಸಿಟ್ಟು ನೆತ್ತಿಗೇರಿತ್ತು. ಆ ಮುಖ ನೋಡಿ ಬೈಯಲಿಕ್ಕೂ ಆಗಲಿಲ್ಲ.

ಊಟ ಅಂಗಳದ ಬೇವಿನ ಕೆಳಗೆ ನಡೆದಿತ್ತು, ಏಕೆಂದರೆ ಬಾಟಲಿ ಮನೆಯೊಳಗೆ ಬರಕೂಡದೆಂದು ಅಪ್ಪ ಸಿದ್ರಾಮಪ್ಪನವರ ಕಟ್ಟಪ್ಪಣೆ. ಸಾಂಗ್ಲಿ ಪೇಟೆಯಲ್ಲಿ ಅರಿಷಿಣದ ವ್ಯಾಪಾರಿ, ಲಿಂಗಪೂಜೆಯಾಗದೆ ನೀರು ಮುಟ್ಟದ ಮನುಷ್ಯ. ಬೇಡಗ ಹಳ್ಳಿಯ ಈ ಹೊಲದ ದ್ರಾಕ್ಷಿಯನ್ನು ಮಗಳು ವೈನಿಗೆಂದು ಹಿಂಡತೊಡಗಿದಾಗಿನಿಂದ ಅವಳೊಡನೆ ಮಾತು ಅಷ್ಟಕ್ಕಷ್ಟೇ. ಕೇಳಿದ ಹೋಟೆಲುಗಳೆಲ್ಲ ಒಲ್ಲೆ ಎಂದಿದ್ದವು. ಇದೂ ಹಾಗೇ ಆದರೆ ವೈನಿನ ಟ್ಯಾಂಕು ತೊಳೆದಿಟ್ಟು, ಅಂಗಡಿಗೆ ಬಂದು ಕೂರುತ್ತೇನೆಂದು ಅನುಜಾ ಅಪ್ಪನಿಗೆ ಮಾತು ಕೊಟ್ಟಿದ್ದಳು.

ಪೂನಮ ತಟ್ಟೆ ಸರಿಸಿದಳು. ಅತಿಥಿ ಊಟ ಬಿಟ್ಟು ಬರಿಗೈಲಿ ಕೂತದ್ದನ್ನು ಒಳಗಿನಿಂದ ನೋಡುತ್ತಿದ್ದ ಸಿದ್ರಾಮಪ್ಪನವರಿಗೆ ತಡೆಯಲಾಗಲಿಲ್ಲ. ವೈನಿನ ಮೇಲಿನ ಸಿಟ್ಟು ಬೇರೆ, ಉಪವಾಸ ಕೂತ ಅತಿಥಿ ಬೇರೆ. ತಮ್ಮ ಚಹಾದ ಹೊತ್ತಿನ ಭಡಂಗದ ಡಬ್ಬಿ ಎತ್ತಿಕೊಂಡೇ ಬಂದರು. ಶೇಂಗಾ, ಬೆಳ್ಳುಳ್ಳಿ, ಕರಿಬೇವು ಹಾಕಿ ಹುರಿದ ಚುರುಮುರಿ. ಡಾಕ್ಟರರು ನನಗೆ ಖಾರ ಬಿಡಿಸಿದ್ದಾರೆ, ಇದು ಉರಿಯುವುದಿಲ್ಲ, ಸಂಕೋಚಪಡಬೇಡಿ ಎಂದು ಮರಾಠಿಯಲ್ಲಿ ಉಪಚಾರ ಹೇಳಿದರು.

ಪೂನಮ ದಾಕ್ಷಿಣ್ಯಕ್ಕೆ ಒಂದು ಹಿಡಿ ತಿಂದಳು. ಬಾಯಿ ತಣ್ಣಗಾದ ಮೇಲೆ ಇನ್ನೊಂದು ಹಿಡಿ ತಿಂದು, ಮೇಲೊಂದು ಗುಟುಕು ವೈನು ಕುಡಿದಳು. ದವಡೆ ಆಡುವುದು ನಿಂತಿತು. ಮತ್ತೆ ಭಡಂಗ, ಮತ್ತೆ ಗುಟುಕು. ಹುರಿದ ಶೇಂಗಾದ ಜಿಡ್ಡಿಗೂ ಉಪ್ಪಿಗೂ ಆ ಹುಳಿ ಎಷ್ಟು ಚೆನ್ನಾಗಿ ಹೊಂದಿತ್ತೆಂದರೆ, ಅವಳು ಗ್ಲಾಸನ್ನು ಬಿಸಿಲಿಗೆ ಹಿಡಿದು ನಕ್ಕುಬಿಟ್ಟಳು. ಇವೆರಡನ್ನೂ ಜೋಡಿಯಾಗಿಯೇ ತನ್ನ ಹೋಟೆಲಿನಲ್ಲಿ ಕೊಡುತ್ತೇನೆಂದಳು. ಸುನಂದಾಬಾಯಿ ಉಸ್ಸಪ್ಪಾ ಎಂದು ಕಟ್ಟೆಯ ಮೇಲೆ ಕುಸಿದು ಕೂತರು. ಪೂನಮ ಬಾಟಲಿಯ ದರ ಕೇಳಿದಳು.

ಅನುಜಾ ಅಪ್ಪನ ಕಡೆ ನೋಡಿದಳು. ದರದ ಮಾತಿನವರೆಗೆ ಯಾವ ಹೋಟೆಲೂ ಬಂದಿರಲಿಲ್ಲ. ಅವಳು ದರ ಯೋಚಿಸಿಯೇ ಇರಲಿಲ್ಲ.

"ಅನೂ, ಇಲ್ಲಿ ಬಾ," ಎಂದರು ಸಿದ್ರಾಮಪ್ಪ.

ಹೆಗಲಿನ ಟವೆಲು ತೆಗೆದು ಮಗಳ ಕೈಮೇಲೆ ಹಾಕಿ, ಅದರಡಿ ತಮ್ಮ ಕೈ ತೂರಿಸಿದರು. ಅರಿಷಿಣ ಪೇಟೆಯ ಹಳೆಯ ರೂಢಿ ಅದು: ಸುತ್ತ ನಿಂತವರಿಗೆ ತಿಳಿಯದಂತೆ ಬಟ್ಟೆಯ ಕೆಳಗೆ ಬೆರಳು ಹಿಚುಕಿ ದರ ಹೇಳುವುದು. ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು ಅನುಜಾ ಆ ಲೆಕ್ಕ ಕಲಿತಿದ್ದಳು. ಅಪ್ಪನ ಬೆರಳುಗಳು ಗಟ್ಟಿಯಾಗಿ ಹಿಡಿದವು, ಬಿಟ್ಟವು, ಲೆಕ್ಕ ತಪ್ಪಿಯಾಳೆಂದು ಮತ್ತೊಮ್ಮೆ ಅದನ್ನೇ ಹೇಳಿದವು.

ಅವಳು ಅದೇ ದರ ಹೇಳಿದಳು. ಪೂನಮ ಚೌಕಾಸಿ ಮಾಡದೆ ತಲೆಯಾಡಿಸಿದಳು.

ಸಿದ್ರಾಮಪ್ಪ ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡರು. ಮಗಳ ಕಿವಿಯ ಹತ್ತಿರ ಬಗ್ಗಿ ಗೊಣಗಿದರು:

"ಭಾಳ ಲಗೂ ಒಪ್ಪಿದ್ಲಲ್ಲ. ನಂದ ತಪ್ಪಾತು, ಇನ್ನೊಂದ್ ಬೆರಳ ಹಿಡೀಬೇಕಾಗಿತ್ತು."