ಸೇರಿದ ತಾರೀಖು

"ಏಯ್ ಮುದುಕಿ, ಬಕೆಟ್ ತೆಗಿಯೇ ಅಡ್ಡದಿಂದ! ಸಾಹೇಬ್ರು ಬರೋ ಹೊತ್ತು. ಗೋಡೆ ಕಡೆ ತಿರುಗು!"

ದಫೇದಾರ ಕೂಗಿದ. ಒದ್ದೆ ಬಟ್ಟೆ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿದೆ. ಪಕ್ಕದಲ್ಲಿ ನಾದಿನಿಯೂ ತಿರುಗಿದಳು. ನ್ಯಾಯಾಧೀಶರು ಹಾದುಹೋಗುವಾಗ ಕೋರ್ಟಿನ ಕಸದವರು ಹೀಗೆ ನಿಲ್ಲಬೇಕು. ಹತ್ತೊಂಬತ್ತು ವರ್ಷದಲ್ಲಿ ಬೂಟಿನ ಸದ್ದಿನಿಂದಲೇ ಯಾರೆಂದು ಹೇಳುವಷ್ಟಾಗಿದ್ದೇನೆ. ಮುಖ ಒಂದೂ ಗೊತ್ತಿಲ್ಲ.

ಸದ್ದು ದೂರವಾಯಿತು. ಮತ್ತೆ ಬಗ್ಗಿ ಒರೆಸತೊಡಗಿದೆವು.

ಎಂಟು ತಿಂಗಳ ಕೆಳಗೆ ಇದೇ ಬಾಗಿಲ ಹಿಂದೆ ನಿಂತು ಒಂದು ತೀರ್ಪು ಕೇಳಿದ್ದೆ. ಯಾವುದೋ ಗಿರಣಿಯ ಕೂಲಿಯವರ ಮೊಕದ್ದಮೆ. ಗುತ್ತಿಗೆದಾರ ಎಷ್ಟು ಸಲ ಬದಲಾದರೂ ಜಾಗ ಅದೇ, ಕೆಲಸ ಅದೇ, ಹೇಳಿ ಮಾಡಿಸುವವರೂ ಗಿರಣಿಯವರೇ ಆದರೆ, ಆ ಕೂಲಿಯವರು ಮೊದಲ ದಿನದಿಂದಲೂ ಗಿರಣಿಯ ಆಳುಗಳೇ ಎಂದು ಒಳಗೆ ಓದಿದರು. ಗೆದ್ದವರು ವರಾಂಡದಲ್ಲಿ ಕುಣಿದು ಚಹಾ ಚೆಲ್ಲಿದರು. ಒರೆಸಿದ್ದು ನಾನೇ.

ಆ ವಾರವೇ ನ್ಯಾಯಾಧೀಶರಿಗೆ ಒಂದು ಕಾಗದ ಬರೆದೆ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ದಪ್ಪ ದಪ್ಪ. ನಾವೂ ಮೂವರು ಗುತ್ತಿಗೆದಾರರನ್ನು ಕಂಡವರು, ಒಂದೇ ನೆಲ ಒರೆಸಿದವರು, ಹಾಗಾದರೆ ನಾವು ಯಾರ ಆಳುಗಳು, ಕೋರ್ಟಿನವರಲ್ಲವೇ ಎಂದು. ನಾದಿನಿ ಕೈ ಹಿಡಿದುಕೊಂಡಳು.

"ಬೇಡ ಅತ್ತಿಗೆ. ಅಣ್ಣ ಹಾಸಿಗೆ ಹಿಡಿದು ಮಲಗಿದಾನೆ. ಇಬ್ರನ್ನೂ ಓಡಿಸಿದ್ರೆ ಮಣ್ಣು ತಿನ್ನೋದಾ?"

ಕಾಗದ ಊಟದ ಚೀಲದ ತಳ ಸೇರಿತು. ದಿನಾ ಬರುತ್ತಿತ್ತು, ದಿನಾ ಹೋಗುತ್ತಿತ್ತು.

ಇವತ್ತು ಹನ್ನೊಂದಕ್ಕೆ ಹೊಸ ಗುತ್ತಿಗೆದಾರನ ಮೇಸ್ತ್ರಿ ಬಂದು ನಮ್ಮನ್ನೆಲ್ಲ ಮೆಟ್ಟಿಲ ಕೆಳಗಿನ ಪೊರಕೆ ಕೋಣೆಗೆ ಕರೆದ. ಕೈಯಲ್ಲಿ ಅಚ್ಚಾದ ಹಾಳೆಗಳ ಕಟ್ಟು, ಶಾಯಿಯ ಪ್ಯಾಡು.

"ಹೆಬ್ಬೆಟ್ಟು ಒತ್ತಿ, ಬೇಗ. ಓದೋಕೇನಿಲ್ಲ ಅದ್ರಲ್ಲಿ."

ಒತ್ತಿದರು. ಒಬ್ಬಳು ಬೆರಳನ್ನು ಒರೆಸುವ ಬಟ್ಟೆಗೇ ಉಜ್ಜಿಕೊಂಡು, "ನಾಲ್ಕನೇ ಗಂಡ ಕಣ್ರೇ ಈ ಗುತ್ತಿಗೆದಾರ. ಒಬ್ನೂ ಬಾಳಿಸ್ಲಿಲ್ಲ" ಎಂದಳು. ನಗು ಅರ್ಧಕ್ಕೇ ನಿಂತಿತು.

ನಾನು ಓದಿದೆ. 'ಇಂದು ಹೊಸದಾಗಿ ಕೆಲಸಕ್ಕೆ ಸೇರಿರುತ್ತೇನೆ. ಇದಕ್ಕೆ ಮೊದಲು ಇಲ್ಲಿ ಕೆಲಸ ಮಾಡಿರುವುದಿಲ್ಲ.'

"ಸುಳ್ಳು ಬರ್ದಿದೆಯಲ್ಲಪ್ಪ ಇಲ್ಲಿ."

"ಏನೇ?"

"ನಾನು ಬಂದು ಹತ್ತೊಂಬತ್ತು ವರ್ಷ ಆಯ್ತು."

"ಲೇ ಮುಂಡೆ, ಕಕ್ಕಸು ತೊಳೆಯೋಳಿಗೆ ಚರಿತ್ರೆ ಬೇರೆ ಕೇಡು! ಒತ್ತಿದ್ರೆ ನಾಳೆ ಕೆಲಸ. ಇಲ್ಲಾಂದ್ರೆ ಗೇಟಿನಾಚೆ."

"ಆ ಗಿರಣಿಯವ್ರ ತೀರ್ಪು..."

"ಅದು ಗಿರಣೀದು. ನಿನ್ನ ಹೆಸ್ರಿತ್ತಾ ಅದ್ರಲ್ಲಿ?"

ಇರಲಿಲ್ಲ.

ನಾದಿನಿ ನನ್ನ ಮುಖ ನೋಡದೆ ಹೋಗಿ ಒತ್ತಿದಳು. ನನಗೆ ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ. ಬಕೆಟ್ಟಿನ ನೀರು ಚೆಲ್ಲಿ, ಬಟ್ಟೆ ಹಿಂಡಿ ಹರವಿದೆ. ಹಾಳೆಯನ್ನು ಹಾಗೇ ಮೇಸ್ತ್ರಿಯ ಕೈಗೆ ಕೊಟ್ಟು ಚೀಲ ತೆಗೆದುಕೊಂಡೆ.

"ಎಲ್ಲಿಗೆ ಅತ್ತಿಗೆ?"

"ಅಂಚೆ ಕಚೇರಿಗೆ."

"ಹಾಳಾಗಿ ಹೋಗ್ತೀಯ!"

"ನೀನು ಒತ್ತಿದೀಯಲ್ಲ ಕಣೇ. ಇನ್ನು ಇಬ್ರನ್ನೂ ಓಡಿಸೋ ಹಾಗಿಲ್ಲ."

ರಸ್ತೆ ದಾಟಿದರೆ ಅಂಚೆ ಕಚೇರಿ. ಲಕೋಟೆ ಕೊಂಡು, ಚೀಲದ ತಳದ ಕಾಗದ ಹಾಕಿ ಅಂಟಿಸಿ, ನ್ಯಾಯಾಧೀಶರ ವಿಳಾಸ ಬರೆದು, ರಿಜಿಸ್ಟರ್ ಮಾಡಿ ಎಂದು ಕಿಟಕಿಯೊಳಗೆ ನೂಕಿದೆ. ಗುಮಾಸ್ತ ತಿರುಗಿಸಿ ನೋಡಿದ.

"ರಿಜಿಸ್ಟರಾ? ಕೋರ್ಟು ಎದುರಿಗೇ ಇದೆಯಲ್ಲಮ್ಮ, ಕೈಯಲ್ಲೇ ಕೊಡಬಾರದಾ?"

"ಕೈಯಲ್ಲಿ ಕೊಟ್ರೆ ಕಸ ಅಂತಾರೆ. ಸಹಿ ಹಾಕಿ ತಗೊಳ್ಲಿ."

"ಕಳಿಸೋರ ವಿಳಾಸ ಇಲ್ಲ. ಬರೀರಿ."

ದಾರ ಕಟ್ಟಿದ ಪೆನ್ನು ಕೊಟ್ಟ. ನಿಧಾನವಾಗಿ ಬರೆದೆ. ಹಿಂದೆ ನಿಂತಿದ್ದವನು ಲೊಚಗುಟ್ಟಿದ. ಗುಮಾಸ್ತ ಓದಿ ತಲೆಯೆತ್ತಿದ.

"ಇದೇನಮ್ಮ, ಎರಡೂ ಕಡೆ ಕೋರ್ಟಿನ ವಿಳಾಸವೇ ಇದೆ?"

"ಹೌದಪ್ಪ. ಹತ್ತೊಂಬತ್ತು ವರ್ಷದಿಂದ."

ಅವನು ಮುದ್ರೆ ಎತ್ತಿ ಎರಡು ಸಲ ಹೊಡೆದು, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದ.