ಸರಾಸರಿ ತೆಗೆದ ದಿನ

ಹೆಂಡತಿ ಉಚ್ಚೆಂಗೆಮ್ಮ ಜ್ವರದಿಂದ ಎದ್ದರೆ ಹರಿಹರೇಶ್ವರನ ಗುಡಿಯಲ್ಲಿ ಬಂದವರಿಗೆಲ್ಲ ಮಂಡಕ್ಕಿ ಹಂಚುತ್ತೇನೆಂದು ಶಾಮನೂರಿನ ಸೂರಪ್ಪ ಹರಕೆ ಹೊತ್ತಿದ್ದ. ಸ್ವಾಮಿ ಕಣ್ಣು ತೆರೆದ, ಅವಳು ಎದ್ದಳು. ಎಪ್ಪತ್ತೆಂಟರ ಸುಗ್ಗಿ ಮುಗಿಯುತ್ತಲೇ ಸೂರಪ್ಪ ಗಾಡಿಗೆ ಭತ್ತದ ಚೀಲ ಹೇರಿ, ಹಿಂಬದಿಯ ಚೀಲದ ಮೇಲೆ ಅವಳನ್ನು ಕೂರಿಸಿಕೊಂಡು ದಾವಣಗೆರೆಯ ಕುತುಬುದ್ದೀನನ ಮಂಡಕ್ಕಿ ಭಟ್ಟಿಗೆ ಬಂದ.

ಅಲ್ಲಿ ಭತ್ತ ಕೊಟ್ಟರೆ, ಕಾಳಿನ ಗುಣಕ್ಕೆ ತಕ್ಕಷ್ಟು ಮಂಡಕ್ಕಿ ಅಳೆದು ಕೊಡುವ ಪದ್ಧತಿ. ಗಾಡಿ ನಿಂತ ಗಳಿಗೆಯಿಂದ ಸೂರಪ್ಪನ ಕಣ್ಣು ಕುತುಬುದ್ದೀನನ ಕೈಮೇಲೆಯೇ.

"ಸರಾಸರಿ ನೋಡಿ ಕೊಡ್ತೀನಿ, ಗೌಡ್ರೆ."

"ಆ ಮಾತೇ ಬ್ಯಾಡ. ಹೋದ ವರ್ಷ ಪ್ಯಾಟೆ ದಲ್ಲಾಳಿನೂ ಸರಾಸರಿ ಅಂತಂದು ಜಳ್ಳಿದ್ದ ಚೀಲಕ್ಕೇ ಕೈ ಹಾಕಿದ. ಇದು ಯಾಪಾರದೋರು ಕಟ್ಟಿದ ಮಾತು. ಗಾಡಿ ಮುಂದ್ಗಡೆ ಚೀಲ ನೋಡ್ರಿ, ಸಾಕು."

ಒಲೆಯ ಮುಂದೆ ಮರಳು ಕಾಯಿಸುತ್ತಿದ್ದ ಕುತುಬುದ್ದೀನನ ತಾಯಿ ಖತೀಜಾಬೀ ನಕ್ಕಳು.

"ಯಾಪಾರದೋರು ಕಟ್ಟಿದ್ದಲ್ಲಪ್ಪ, ಫಾರ್ಸಿ ಮಾತು. ನಮ್ಮಪ್ಪ ಓದಿಸ್ತಿದ್ರು. ಸರ್ ಅಂದ್ರೆ ತಲೆ. ಸರಾಸರ್ ಅಂದ್ರೆ ಈ ತಲೆಯಿಂದ ಆ ತಲೆವರೆಗೆ, ಪೂರಾ. ಒಂದೇ ಚೀಲ ನೋಡಿದ್ನಲ್ಲ ನಿನ್ನ ದಲ್ಲಾಳಿ, ಅದು ಸರಾಸರಿ ಅಲ್ಲ, ಮೋಸ. ಎಲ್ಲಾ ಚೀಲದಾಗೂ ಕಾಳು ತೆಗೀಬೇಕು."

ಸೂರಪ್ಪನ ಅನುಮಾನ ಇಳಿಯಲಿಲ್ಲ, ಏರಿತು. ಮುದುಕಿ ಇಷ್ಟೇಕೆ ಬಿಡಿಸಿ ಹೇಳುತ್ತಾಳೆ? ಅವಳ ಕಣ್ಣು ಗಾಡಿಯ ಹಿಂಬದಿಗೆ ಹೋಯಿತೇನು?

ಕುತುಬುದ್ದೀನ್ ಮೊನಚು ಕೊಳವೆಯಿಂದ ಚೀಲ ಚುಚ್ಚಿ, ಕಾಳನ್ನೆಲ್ಲ ಒಂದೇ ಮೊರಕ್ಕೆ ಸುರಿಯುತ್ತ ಬಂದ. ಬಂಗಾರದಂಥ ಭತ್ತ. ಕಡೆಗೆ ಉಚ್ಚೆಂಗೆಮ್ಮನ ಮುಂದೆ ನಿಂತ.

"ಅದು ಬಿಡ್ರಿ! ಈಗಿನ್ನೂ ಜ್ವರ ಬಿಟ್ಟೈತೆ, ಯಾಕ ಎಬ್ಬಿಸ್ತೀರಿ?" ಸೂರಪ್ಪ ಅಡ್ಡ ಬಂದ.

"ಆಗ್ಲಿ ಬಿಡ್ರಿ. ಅಕ್ಕ ಕೂತ್ಕಳ್ಳಿ," ಎಂದು ಕುತುಬುದ್ದೀನ್ ಹಿಂದೆ ಸರಿದ.

ಉಚ್ಚೆಂಗೆಮ್ಮ ಗಾಡಿಯ ಗೂಟ ಹಿಡಿದು ತಾನೇ ಇಳಿದಳು. ಗಂಡನ ಕಡೆ ತಿರುಗಿದಳು.

"ದಾರಿ ಪೂರಾ ಮುಗ್ಗಲು ವಾಸನೆ ಕುಡ್ಕಂಡು ಬಂದೀನಿ. ಕಣಜದ ತಳದ್ದು ತುಂಬಿ ಮ್ಯಾಲೆ ನನ್ನ ಕೂರ್ಸಿದ್ರಿ. ಹರಕೆ ಹೊತ್ತಿದ್ದು ನನ್ನ ಜೀವಕ್ಕೆ. ಸ್ವಾಮಿ ಮುಂದೂ ಇದನ್ನ ಮುಚ್ಚಿಟ್ಕಂಡೇ ಕೂತ್ಕಳ್ಳಲೇನು? ಚುಚ್ಚಪ್ಪ, ನೀನು ಚುಚ್ಚು."

ಕಪ್ಪು ತಿರುಗಿದ ಕಾಳು ಮೊರಕ್ಕೆ ಬಿತ್ತು. ಖತೀಜಾಬೀ ಎಲ್ಲವನ್ನೂ ಕೈಯಾಡಿಸಿ ಬೆರೆಸಿದಳು.

ಮಂಡಕ್ಕಿ ಸೂರಪ್ಪ ಎಣಿಸಿದ್ದಕ್ಕಿಂತ ಕಡಿಮೆ ಬಂತು. ಸೋಮವಾರ ಹರಿಹರದಲ್ಲಿ ಜನರ ಸಾಲು ಗುಡಿಯ ಬಾಗಿಲಿನಿಂದ ಹೊಳೆಯ ಮೆಟ್ಟಿಲವರೆಗೂ ಬೆಳೆದಿತ್ತು. ಸೂರಪ್ಪ ಒಮ್ಮೆ ಚೀಲ ನೋಡಿದ, ಒಮ್ಮೆ ಸಾಲಿನ ಆ ತುದಿ ನೋಡಿದ. ಆಮೇಲೆ ತನ್ನ ಹಿಡಿಯನ್ನು ತುಸು ಸಣ್ಣದು ಮಾಡಿಕೊಂಡು ಮೊದಲನೆಯವನ ಬೊಗಸೆಗೆ ಹಾಕಿದ.