ಸುಮ್ಮಸುಮ್ಮನೆ ಕೂಗುವ ಕಾರು

ವಾಮದಪದವಿನ ಆ ಮನೆಯ ಅಂಗಳದಲ್ಲಿ ನಿಂತಿದ್ದ ಬಿಳಿ ಕಾರು ಗುರುವಾರ ಬೆಳಿಗ್ಗೆ ಎರಡನೆಯ ಸಲ ಬೊಬ್ಬೆ ಹಾಕಿದಾಗ ಸಾಧನಾ ರಕ್ತ ತೆಗೆಯುವ ಖಾಲಿ ಟ್ಯೂಬುಗಳನ್ನು ಡಬ್ಬಿಯಲ್ಲಿ ಜೋಡಿಸುತ್ತಿದ್ದಳು. ಕಾರನ್ನು ಯಾರೂ ಮುಟ್ಟಿರಲಿಲ್ಲ. ಒಂದು ಬೆಕ್ಕು ಕೂಡ ಅತ್ತ ಸುಳಿದಿರಲಿಲ್ಲ. ಅವಳು ಓಡಿಬಂದು ರಿಮೋಟ್ ಒತ್ತಿ ಅಲಾರಂ ನಿಲ್ಲಿಸುವಷ್ಟರಲ್ಲಿ, ಬಸದಿಯಿಂದ ಆಗಷ್ಟೇ ಬಂದಿದ್ದ ಮಾವ ಚಂದ್ರರಾಜರು ಅಂಗಳದ ತುದಿಯಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದರು.

"ಬಾಗಿಲು ಸರಿ ಹಾಕ್ಲಿಕ್ಕೆ ಬಾರದವರಿಗೆ ಕಾರು ಯಾಕೆ?" ಎಂದರು. "ಬಸ್ಸು ಉಂಟಲ್ಲ."

ಹತ್ತು ದಿನದಿಂದ ಇದೇ ಮಾತು. ಪಕ್ಕದ ಮನೆಯವರ ಎದುರು ಒಮ್ಮೆ, ಹಾಲು ತರುವವನ ಎದುರು ಇನ್ನೊಮ್ಮೆ. ಬಸದಿಯ ಉಸ್ತುವಾರಿ ನೋಡಿಕೊಂಡು ಊರಿಡೀ ಹೌದೆನ್ನಿಸಿಕೊಂಡ ಮನುಷ್ಯ. ಅವರು ಒಂದು ಮಾತು ಆಡಿದರೆ ಮುಗಿಯಿತು, ಅದು ತಪ್ಪಿರಬಹುದು ಎಂದು ಯೋಚಿಸುವ ಅಭ್ಯಾಸವೇ ಅವರಿಗಿರಲಿಲ್ಲ.

ಬಸ್ಸು ಇತ್ತು, ಇಲ್ಲವೆಂದು ಯಾರು ಹೇಳಿದರು? ಆದರೆ ಸಾಧನಾಳ ಕೆಲಸ ಬಸ್ಸಿನ ಹೊತ್ತಿಗೆ ಹೊಂದುವಂಥದ್ದಲ್ಲ. ಬಂಟ್ವಾಳದ ಒಂದು ಲ್ಯಾಬಿನ ಪರವಾಗಿ ಅವಳು ಮನೆ ಮನೆಗೆ ಹೋಗಿ, ನಡೆಯಲಾಗದ ಮುದುಕ ಮುದುಕಿಯರ ರಕ್ತ ತೆಗೆದು ತರುತ್ತಿದ್ದಳು. ಬರಿ ಹೊಟ್ಟೆಯಲ್ಲಿ ಕಾಯುವ ಸಕ್ಕರೆ ಕಾಯಿಲೆಯವರನ್ನು ಹತ್ತು ಗಂಟೆಯವರೆಗೆ ಕೂರಿಸಲಾಗುತ್ತದೆಯೇ? ಕಾರು ಹೋದರೆ ಕೆಲಸವೂ ಹೋಯಿತು. ಕಾರನ್ನು ಭಾನುವಾರ ಮಾರುವುದೆಂದು ಮಾವ ತೀರ್ಮಾನಿಸಿಯೂ ಆಗಿತ್ತು. ಮೂಡುಬಿದಿರೆಯಿಂದ ಧರ್ಣಪ್ಪ ಎಂಬ ದಲ್ಲಾಳಿ ನೋಡಲು ಬರುವವನಿದ್ದ. ಕಾರು ಇದ್ದದ್ದು ಗಂಡ ಶಶಿರಾಜನ ಹೆಸರಿನಲ್ಲಿ. ಶಶಿರಾಜ್ ಒಳ್ಳೆಯವನು, ತೊಂದರೆ ಇದ್ದದ್ದೇ ಅಲ್ಲಿ. ಹೆಂಡತಿ ಹೇಳಿದ್ದಕ್ಕೂ ಹೂಂ, ಅಪ್ಪ ಹೇಳಿದ್ದಕ್ಕೂ ಹೂಂ.

ಸಾಧನಾ ಬಿ.ಸಿ. ರೋಡಿನ ಮೆಕ್ಯಾನಿಕ್ ನಿಝಾಮನಿಗೆ ಫೋನ್ ಮಾಡಿದಳು.

"ಅಲಾರಮ್ಮಿನ ವಯರು ಕಟ್ ಮಾಡಿ ಬಿಡುವ ಅಕ್ಕ. ಐದು ನಿಮಿಷದ ಕೆಲಸ."

"ಬೇಡ. ಕಟ್ ಮಾಡಿದ್ರೆ ತಪ್ಪು ನನ್ನದೇ ಅಂತ ಆಗ್ತದೆ. ಅದು ಯಾಕೆ ಕೂಗ್ತದೆ ಅಂತ ನಂಗೆ ಗೊತ್ತಾಗ್ಬೇಕು."

ನಿಝಾಮ್ ನಕ್ಕ. ಆದರೂ ನೋಡಬೇಕಾದದ್ದನ್ನೆಲ್ಲ ಹೇಳಿಕೊಟ್ಟ. ರಿಮೋಟಿನ ಸೆಲ್ಲು, ನಾಲ್ಕು ಬಾಗಿಲು, ಡಿಕ್ಕಿ, ಕೊನೆಗೆ ಬಾನೆಟ್. "ಬಾನೆಟ್ ಅಡಿಯಲ್ಲಿ ಒಂದು ಸಣ್ಣ ಬಟನ್ ಉಂಟು ಅಕ್ಕ. ಮುಚ್ಚಳ ಅದನ್ನು ಒತ್ತಿ ಹಿಡೀಬೇಕು. ಚೂರು ಎದ್ದರೂ ಕಳ್ಳ ಬಂದ ಅಂತ ಕಾರು ತಿಳ್ಕೊಳ್ತದೆ."

ಸೆಲ್ಲು ಬದಲಾಯಿಸಿದಳು. ಕೂಗಿತು. ಬಾಗಿಲುಗಳ ರಬ್ಬರ್ ಒರೆಸಿ, ಒಂದೊಂದನ್ನೂ ಎರಡೆರಡು ಸಲ ಹಾಕಿದಳು. ಕೂಗಿತು. ಶುಕ್ರವಾರ ನರಿಕೊಂಬಿನಲ್ಲಿ ಸಫಿಯಮ್ಮನ ತೋಳಿಗೆ ಸೂಜಿ ಹಾಕುವ ಹೊತ್ತಿಗೇ ಹೊರಗೆ ನಿಂತ ಕಾರು ಕಿರುಚತೊಡಗಿತು. ಅವಮಾನದಿಂದ ಸಾಧನಾಳ ಮುಖ ಕೆಂಪಾಯಿತು. ಎಪ್ಪತ್ತೆಂಟರ ಸಫಿಯಮ್ಮ ಮಾತ್ರ ತೋಳು ಅಲುಗಿಸಲಿಲ್ಲ.

"ಅದು ಕಿರುಚಲಿ ಮಗಳೇ, ನೀನು ನಿನ್ನ ಕೆಲಸ ನೋಡು. ಮರಳಿನ ಲಾರಿ ಹೋದ್ರೆ ನನ್ನ ಅಡುಗೆಮನೆಯ ಪಾತ್ರೆ ಕೂಡ ಕೂಗ್ತದೆ."

ಸಾಧನಾ ಸೂಜಿ ತೆಗೆದು ಹತ್ತಿ ಒತ್ತಿದಳು. ಮರಳಿನ ಲಾರಿ! ಮನೆಯಲ್ಲಿ ಬೆಳಿಗ್ಗೆ ಕಾರು ಕೂಗಿದಾಗಲೆಲ್ಲ ರಸ್ತೆಯಲ್ಲಿ ಏನು ಹೋಗಿತ್ತು?

ಶನಿವಾರ ಅವಳು ಅಂಗಳದಲ್ಲೇ ಬೀಡುಬಿಟ್ಟಳು. ಏಳೂ ಹತ್ತಕ್ಕೆ ಬಸ್ಸು ಹೋಯಿತು, ಕಾರು ಕೂಗಿತು. ಎಂಟಕ್ಕೆ ಸ್ಕೂಟರ್ ಹೋಯಿತು, ಕೂಗಲಿಲ್ಲ. ಎಂಟೂ ಕಾಲರ ಬಸ್ಸಿಗೆ ಮತ್ತೆ ಕೂಗಿತು. ಒಂಬತ್ತರ ಬಸ್ಸು ಬರುವಾಗ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಹಾಕಿ ಒತ್ತಿ ಹಿಡಿದಳು. ಬಸ್ಸು ಹೋಯಿತು. ಕಾರು ಸುಮ್ಮನಿತ್ತು.

ಬಾನೆಟ್ ಎತ್ತಿದಳು. ಮುಂದಿನ ಅಂಚಿನಲ್ಲಿ, ನಿಝಾಮ್ ಹೇಳಿದ ಬಟನ್ನಿನ ಪಕ್ಕದಲ್ಲೇ, ಮುಚ್ಚಳ ಪೂರ್ತಿ ಕೂರದಂತೆ ಒಂದು ಬಟ್ಟೆಯ ಗಂಟು ಅಡ್ಡ ಕೂತಿತ್ತು. ಮೂಸಿದರೆ ಘಾಟು. ಹೊಗೆಸೊಪ್ಪು. ಹಸಿರಂಚಿನ ಹಳೆಯ ಪಂಚೆಯ ತುಂಡಿನಲ್ಲಿ ಮೂರು ಸುತ್ತು ಹಾಕಿ ಕಟ್ಟಿದ ಗಂಟು. ಈ ಮನೆಯಲ್ಲಿ ಮೂರು ಸುತ್ತಿನ ಗಂಟು ಹಾಕುವವರು ಒಬ್ಬರೇ. ಬಸದಿಗೆ ಅಕ್ಕಿ ಕಟ್ಟುವುದೂ ಹೀಗೆಯೇ.

ಇಲಿ ಬಂದು ವಯರು ಕಡಿಯುತ್ತದೆ. ಬೇರೆಯವರ ಮನೆಯಲ್ಲಾದರೆ ಪಾಷಾಣ ಇಡುತ್ತಾರೆ, ಬೋನು ಇಡುತ್ತಾರೆ. ಜೈನರ ಮನೆಯಲ್ಲಿ ಜೀವ ತೆಗೆಯುವ ಮಾತೇ ಇಲ್ಲ. ಹೊಗೆಸೊಪ್ಪಿನ ಘಾಟಿಗೆ ಇಲಿ ತಾನಾಗಿ ದೂರ ಹೋಗಬೇಕು. ಮಾವ ಯಾರಿಗೂ ಹೇಳದೆ ಅದನ್ನು ಇಟ್ಟು, ಮರೆತೂಬಿಟ್ಟಿದ್ದರು. ಕಾರಿನ ಮೇಲಿನ ಕಾಳಜಿಯಿಂದಲೇ ಇಟ್ಟದ್ದು, ನಿಜ. ಆದರೆ ಹತ್ತು ದಿನ ಕಂಡಕಂಡವರ ಎದುರು ಅವಳನ್ನು ಹಂಗಿಸಿದ್ದೂ ನಿಜ. ಸಾಧನಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಗಂಟನ್ನು ಇದ್ದಲ್ಲೇ ಇಟ್ಟು ಬಾನೆಟ್ ಮುಚ್ಚಿದಳು.

ಭಾನುವಾರ ಧರ್ಣಪ್ಪ ಬಂದ. ಚಹಾ ಕುಡಿದು ಕಾರಿಗೆ ಒಂದು ಸುತ್ತು ಬಂದ. ಶಶಿರಾಜ್ ಕಾಗದಪತ್ರ ಹಿಡಿದು ನಿಂತಿದ್ದ. ಸಾಧನಾ ಅಂಗಳಕ್ಕಿಳಿದು ಕೀಲಿಯನ್ನು ಮಾವನ ಕೈಗೆ ಕೊಟ್ಟಳು.

"ಮಾವ, ಇವತ್ತು ಬಾಗಿಲೆಲ್ಲ ನೀವೇ ಹಾಕಿ."

ಚಂದ್ರರಾಜರು ಹುಬ್ಬು ಗಂಟಿಕ್ಕಿದರು. ದಲ್ಲಾಳಿಯ ಎದುರು ಬೇಡವೆನ್ನಲಾಗದೆ ನಾಲ್ಕೂ ಬಾಗಿಲನ್ನು ತೆರೆದು, ಪಾಠ ಮಾಡುವವರ ಹಾಗೆ ಒಂದೊಂದನ್ನೇ ಹಾಕಿ, ಎಳೆದು ನೋಡಿ, ಲಾಕ್ ಮಾಡಿದರು. "ಹೀಗೆ ಹಾಕ್ಬೇಕು," ಎಂದರು.

ಸಾಧನಾ ಕೈಕಟ್ಟಿ ನಿಂತಳು. ಒಂಬತ್ತರ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿ, ಅಂಗಳವನ್ನು ನಡುಗಿಸುತ್ತ ಹಾದುಹೋಯಿತು. ಕಾರು ಎದೆ ಬಿರಿಯುವಂತೆ ಬೊಬ್ಬೆ ಹಾಕಿತು.

ಅಲಾರಂ ನಿಂತ ಮೇಲೆ ಅವಳು ಕೇಳಿದಳು: "ಬಾಗಿಲು ಹಾಕಿದ್ದು ಯಾರು ಮಾವ?"

ಉತ್ತರಕ್ಕೆ ಕಾಯದೆ ಬಾನೆಟ್ ಎತ್ತಿ ಗಂಟನ್ನು ಹೊರತೆಗೆದು ಅವರ ಅಂಗೈ ಮೇಲಿಟ್ಟಳು. ಹಸಿರಂಚನ್ನು ನೋಡಿದ್ದೇ ಚಂದ್ರರಾಜರ ಮುಖ ಸಣ್ಣದಾಯಿತು. ಧರ್ಣಪ್ಪ ನಗು ತಡೆಯಲು ಕೆಮ್ಮಿದ.

"ಇಲಿಗೆ... ನಮ್ಮಲ್ಲಿ ಪಾಷಾಣ ಇಡ್ಲಿಕ್ಕೆ ಆಗ್ತದಾ?" ಎಂದರು ಮಾವ.

"ಆಗುದಿಲ್ಲ. ಗಂಟು ಇಡುವ, ಎಲ್ಲಿ ಇಡ್ಬೇಕು ಅಂತ ನಾನು ತೋರಿಸ್ತೇನೆ. ಆದ್ರೆ ನೀವು ಎಲ್ಲರ ಎದುರು ಆಡಿದ ಮಾತು ಉಂಟಲ್ಲ, ಅದನ್ನು ಇವರ ಎದುರೇ ವಾಪಸ್ ತಗೊಳ್ಳಿ."

"ಸಾಧನಾ, ಬಿಡು ಮಾರಾಯ್ತಿ," ಎಂದ ಶಶಿರಾಜ್.

"ಬಿಡುದಿಲ್ಲ."

ಚಂದ್ರರಾಜರು ಏನೋ ಗೊಣಗಿದರು.

"ಕೇಳಲಿಲ್ಲ ಮಾವ."

ಅವರು ಗಂಟನ್ನು ಮುಷ್ಟಿಯಲ್ಲಿ ಹಿಡಿದು ತಲೆಯೆತ್ತಿದರು. "ನೀನು ಬಾಗಿಲು ಸರಿಯಾಗಿಯೇ ಹಾಕಿದ್ದಿ," ಎಂದರು, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ. ಸಣ್ಣ ಮನುಷ್ಯರಾಗಿದ್ದರೆ ಅಷ್ಟು ಜೋರಾಗಿ ಹೇಳುತ್ತಿರಲಿಲ್ಲ. ಅದನ್ನು ಸಾಧನಾ ಮನಸ್ಸಿನಲ್ಲೇ ಒಪ್ಪಿಕೊಂಡಳು.

ಅವಳು ಮಾವನ ಕೈಯಿಂದ ಕೀಲಿ ತೆಗೆದುಕೊಂಡು ಬಾನೆಟ್ ಮುಚ್ಚಿ ಲಾಕ್ ಮಾಡಿದಳು. ಅಷ್ಟರಲ್ಲಿ ಎದುರಿನಿಂದ ಇನ್ನೊಂದು ಬಸ್ಸು ಬಂತು. ನಾಲ್ವರೂ ಕಾರನ್ನೇ ನೋಡುತ್ತ ನಿಂತರು. ಚಹಾದ ಲೋಟಗಳು ಜಗಲಿಯ ಮೇಲೆ ಟಿಣಿಟಿಣಿ ಅಂದವು. ಕಾರು ಉಸಿರೆತ್ತಲಿಲ್ಲ.

"ನಾಳೆ ಆರಕ್ಕೆ ನಂಗೆ ವಿಟ್ಲಕ್ಕೆ ಹೋಗ್ಲಿಕ್ಕೆ ಉಂಟು," ಎಂದು ಸಾಧನಾ, ಇಷ್ಟು ದಿನ ಗಂಡನ ಅಂಗಿಯ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.